ಹಿರಿಯ ವಿಕಲಚೇತನರ ಸಾಧನ ಸಲಕರಣೆಗಳ ಕುರಿತು ಮನವಿ ಪತ್ರ

ಗೆ,
ಮಾನ್ಯ ರಾಜ್ಯ ಆಯುಕ್ತರು,
ವಿಕಲಚೇತನರ ಹಕ್ಕುಗಳ ಅಧಿನಿಯಮ,
ಬೆಂಗಳೂರು.

ಇಂದ,
ಮಲೆನಾಡಿನ ಗ್ರಾಮಗಳ ಹಿರಿಯ ವಿಕಲಚೇತನರು ಮತ್ತು ಅವರ ಮನೆಯವರು.

ವಿಷಯ: ಮನೆ ನೋಡಿ ಸಲಕರಣೆ ವಿತರಿಸುವುದು, ಮನೆಯಲ್ಲಿ ಅಗತ್ಯ ಮಾರ್ಪಾಡು ಹಾಗೂ ರಿಪೇರಿ ಬಗ್ಗೆ.

ಮಾನ್ಯರೇ,

ವಿಕಲಚೇತನರಿಗೆ ಸಲಕರಣೆ ವಿತರಿಸುವ ಅಡಿಪ್ ಯೋಜನೆ 1981ರಿಂದಲೂ, ಹಿರಿಯ ನಾಗರಿಕರಿಗೆ ವಿತರಿಸುವ ರಾಷ್ಟ್ರೀಯ ವಯೋಶ್ರೀ ಯೋಜನೆ 2017ರಿಂದಲೂ ಜಾರಿಯಲ್ಲಿವೆ. ಇವುಗಳ ಶಿಬಿರಗಳಲ್ಲಿ ಊರುಗೋಲು, ವಾಕರ್, ಗಾಲಿಕುರ್ಚಿ, ಶ್ರವಣಯಂತ್ರ ನಮ್ಮ ಕೈಸೇರಿವೆ. ಅದಕ್ಕೆ ಕೃತಜ್ಞರಾಗಿದ್ದೇವೆ. ಆದರೆ ಶಿಬಿರದಲ್ಲಿ ನಮ್ಮ ಅಳತೆ ತೆಗೆಯುತ್ತಾರೆಯೇ ಹೊರತು ನಮ್ಮ ಮನೆಯ ಅಳತೆ ಕೇಳುವವರಿಲ್ಲ.

ನಮ್ಮ ಕಡೆಯ ಹಳೇ ಮನೆಗಳಿಗೆ ಎತ್ತರದ ಹೊಸ್ತಿಲು, ಕತ್ತಲೆಯ ನಡುಮನೆ. ಬಚ್ಚಲು, ಪಾಯಿಖಾನೆ ಹಿತ್ತಲಿನಲ್ಲಿ. ಎರಡಡಿ ಅಗಲದ ಬಚ್ಚಲ ಬಾಗಿಲಲ್ಲಿ ಗಾಲಿಕುರ್ಚಿ ಹಿಡಿಸುವುದಿಲ್ಲ. ಅರ್ಧ ಅಡಿ ಹೊಸ್ತಿಲಿಗೆ ಒಂದಕ್ಕೆ ಹನ್ನೆರಡರ ಲೆಕ್ಕದಲ್ಲಿ ಆರಡಿ ಇಳಿಜಾರು ಬೇಕು. ಕಿರುಜಗಲಿಯಲ್ಲಿ ಅಷ್ಟು ಜಾಗವೆಲ್ಲಿ? ಮಳೆಗಾಲದಲ್ಲಿ ಅಂಗಳದ ಕಲ್ಲಿಗೆ ಪಾಚಿ ಹಿಡಿದರೆ ತಳದ ರಬ್ಬರ್ ಸವೆದ ವಾಕರ್ ಆಸರೆಯಾಗುವ ಬದಲು ಬೀಳಿಸುತ್ತದೆ. ಹೀಗಾಗಿ ಎಷ್ಟೋ ಸಲಕರಣೆಗಳು ಅಟ್ಟ ಸೇರಿವೆ. ಮುದುಕರಿಗೆ ಬಳಸಲು ಬರುವುದಿಲ್ಲವೆಂದು ಇದಕ್ಕೆ ಕಾರಣ ಕೊಡುವುದು ಸರಿಯಲ್ಲ.

ಆದುದರಿಂದ, ಸಲಕರಣೆ ಮಂಜೂರು ಮಾಡುವ ಮುನ್ನ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಮನೆಗೆ ಬಂದು ಬಾಗಿಲು, ಹೊಸ್ತಿಲು, ಬಚ್ಚಲು ನೋಡಿ ವರದಿ ಕೊಡಬೇಕು. ಕಮೋಡ್ ಕುರ್ಚಿ ಬೇಕೆಂದು ನಮ್ಮಲ್ಲಿನ ಹೆಂಗಸರು ನಾಲ್ಕು ಜನರ ಮುಂದೆ ಬಾಯಿಬಿಟ್ಟು ಕೇಳುವುದಿಲ್ಲ. ಅದನ್ನು ಮನೆಯಲ್ಲೇ ವಿಚಾರಿಸಬೇಕು.

ಗ್ರಾಮ ಪಂಚಾಯ್ತಿಗಳು ವಿಕಲಚೇತನರಿಗೆ ಮೀಸಲಿಡುವ ಶೇ. 5ರ ಅನುದಾನದಲ್ಲಿ ಬಚ್ಚಲಿಗೆ ಹಿಡಿಕಂಬಿ, ಜಾರದ ನೆಲ, ಹೊಸ್ತಿಲಿಗೆ ಇಳಿಜಾರು ಮಾಡಿಸಲು ಸ್ಪಷ್ಟ ಸೂಚನೆ ಹೊರಡಬೇಕು. 2016ರ ವಿಕಲಚೇತನರ ಹಕ್ಕುಗಳ ಅಧಿನಿಯಮದ 24ನೇ ಕಲಂ ಸಾಧನ ಸಲಕರಣೆಯ ಜೊತೆಗೆ ಗ್ರಾಮೀಣ ಭಾಗದ ಶೌಚ ಸೌಲಭ್ಯವನ್ನೂ ಹೇಳಿರುವಾಗ, ಒಂದನ್ನು ಕೊಟ್ಟು ಇನ್ನೊಂದನ್ನು ಬಿಡುವುದು ನ್ಯಾಯವಲ್ಲ.

ರಿಪೇರಿಯದು ಸಣ್ಣ ಬೇಡಿಕೆ. ವಾಕರಿನ ರಬ್ಬರ್, ಗಾಲಿಕುರ್ಚಿಯ ಟಯರು, ಶ್ರವಣಯಂತ್ರದ ಸೆಲ್ಲು ತಾಲ್ಲೂಕು ಕೇಂದ್ರದಲ್ಲೇ ಸಿಗುವಂತಾಗಲಿ.

ಈ ಬಗ್ಗೆ ಸಂಬಂಧಪಟ್ಟ ಇಲಾಖೆಗಳಿಗೆ ತಾವು ಶಿಫಾರಸು ಮಾಡಬೇಕಾಗಿ ವಿನಂತಿ. ಅದೇ ಅಧಿನಿಯಮದ 81ನೇ ಕಲಮಿನಂತೆ ಮೂರು ತಿಂಗಳೊಳಗೆ ಅವು ತಮಗೆ ಸಲ್ಲಿಸಬೇಕಾದ ಉತ್ತರದ ಪ್ರತಿಯನ್ನು ನಮ್ಮ ಪಂಚಾಯ್ತಿಗಳ ಸೂಚನಾ ಫಲಕದಲ್ಲಿ ಹಾಕಿಸಬೇಕೆಂದೂ ಕೋರುತ್ತೇವೆ.

ತಮ್ಮ ವಿಶ್ವಾಸಿಗಳು,
(ಸಹಿ ಹಾಗೂ ಹೆಬ್ಬೆಟ್ಟಿನ ಗುರುತುಗಳನ್ನು ಲಗತ್ತಿಸಿದೆ)