ಮತಸಂಸ್ಥೆಗಳೂ ವಿದ್ಯಾದಾನವೂ

ಅಮೆರಿಕಾ ದೇಶದ ಮಾರ್ಮನ್ ಮತದವರು ಭಾರತದಲ್ಲಿ ತಮ್ಮ ಮೊದಲನೆಯ ದೇವಾಲಯವನ್ನು ಕಟ್ಟುವುದಕ್ಕೆ ಬೆಂಗಳೂರನ್ನು ಆರಿಸಿಕೊಂಡ ಸಂಗತಿಯನ್ನು ವಾಚಕರಲ್ಲಿ ಹಲವರು ಬಲ್ಲರು. ೨೦೧೮ನೆಯ ಇಸವಿಯ ಏಪ್ರಿಲಿನಲ್ಲಿ ಈ ಸಂಕಲ್ಪವು ಪ್ರಕಟವಾಗಿ, ೨೦೨೦ನೆಯ ಡಿಸೆಂಬರಿನಲ್ಲಿ ನೆಲ ಅಗೆಯುವ ವಿಧಿಯು ನೆರವೇರಿತು. ಇದನ್ನು ಕೇಳಿ ಪರಮತದ ದಾಳಿಯೆಂದು ಕಳವಳಗೊಳ್ಳುವವರುಂಟು. ಎಲ್ಲಿಯದೋ ಒಂದು ವಿಚಿತ್ರ ಪಂಥವೆಂದು ನಕ್ಕು ಸುಮ್ಮನಾಗುವವರೂ ಉಂಟು. ಎರಡೂ ವಿವೇಕದ ಮಾರ್ಗಗಳೆಂದು ನಮಗೆ ತೋರುವುದಿಲ್ಲ. ಇನ್ನೂರು ವರ್ಷವೂ ತುಂಬದ ಒಂದು ಮತವು ಭೂಮಂಡಲದ ನಾನಾ ಕಡೆಗಳಲ್ಲಿ ಹೇಗೆ ನೆಲೆಯೂರಿತೆಂಬುದನ್ನೂ, ಅದರಿಂದ ಕಾವೇರೀ ಕಪಿಲಾ ತೀರದ ನಾವು ಕಲಿಯಬೇಕಾದುದೇನು, ಬಿಡಬೇಕಾದುದೇನು ಎಂಬುದನ್ನೂ ಶಾಂತಚಿತ್ತದಿಂದ ಪರ್ಯಾಲೋಚಿಸುವುದು ಮೇಲು.

ಈ ಮತವನ್ನು ೧೮೩೦ರಲ್ಲಿ ನ್ಯೂಯಾರ್ಕ್ ಸಂಸ್ಥಾನದಲ್ಲಿ ಸ್ಥಾಪಿಸಿದವನು ಜೋಸೆಫ್ ಸ್ಮಿತ್. ನೆರೆಹೊರೆಯವರ ದ್ವೇಷಕ್ಕೆ ಗುರಿಯಾಗಿ ಅವನು ೧೮೪೪ರಲ್ಲಿ ಗುಂಪಿನ ಕೈಯಲ್ಲಿ ಹತನಾದನು. ಬ್ರಿಗ್ಹಾಮ್ ಯಂಗನ ನಾಯಕತ್ವದಲ್ಲಿ ಅನುಯಾಯಿಗಳು ೧೮೪೭ರಲ್ಲಿ ಪಶ್ಚಿಮದ ಮರುಭೂಮಿಯನ್ನು ಸೇರಿ ಸಾಲ್ಟ್ ಲೇಕ್ ನಗರವನ್ನು ಕಟ್ಟಿದರು. ಬಹುಪತ್ನೀತ್ವದ ನಿಮಿತ್ತ ಸರಕಾರದೊಡನೆ ದೀರ್ಘಕಾಲ ಕಲಹವಾಡಿ, ೧೮೯೦ರಲ್ಲಿ ಆ ಪದ್ಧತಿಗೆ ಹೊಸ ಅನುಮತಿ ಕೊಡುವುದನ್ನು ನಿಲ್ಲಿಸುವುದಾಗಿ ಪ್ರಕಟಿಸಿದರು. ಇಂದು ಈ ಸಭೆಯ ಲೆಕ್ಕದಂತೆ ಅದರ ಸದಸ್ಯರು ಒಂದು ಕೋಟಿ ಎಪ್ಪತ್ತು ಲಕ್ಷಕ್ಕೆ ಮೇಲ್ಪಟ್ಟಿದ್ದಾರೆ. ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಅಮೆರಿಕಾದ ಹೊರಗಿನವರು. ೧೮೫೦ರ ದಶಕದಲ್ಲಿಯೇ ಕಲ್ಕತ್ತೆಗೂ ಮದರಾಸಿಗೂ ಇವರ ಪ್ರಚಾರಕರು ಬಂದು ವಿಶೇಷ ಫಲ ಕಾಣದೆ ಹಿಂದಿರುಗಿದ್ದರು. ೧೯೯೩ರಲ್ಲಿ ಬೆಂಗಳೂರು ಇವರ ಒಂದು ಪ್ರಚಾರಕೇಂದ್ರವಾಯಿತು. ಆದರೂ ನಮ್ಮ ದೇಶದಲ್ಲಿ ಇವರ ಸಂಖ್ಯೆ ಕೆಲವು ಸಾವಿರಗಳ ಮಾತು. ಕೋಟಿಗಟ್ಟಲೆ ಜನರ ನಾಡು ಅಷ್ಟಕ್ಕೆ ಬೆದರುವುದು ಸ್ವಾಭಿಮಾನದ ಲಕ್ಷಣವಲ್ಲ.

ಈ ಮತದ ಬಲವು ದೇವಾಲಯಗಳಲ್ಲಿರುವುದಕ್ಕಿಂತ ಹೆಚ್ಚಾಗಿ ವಿದ್ಯಾಲಯಗಳಲ್ಲಿದೆಯೆಂದು ನಮ್ಮ ಅಭಿಪ್ರಾಯ. ಯೂಟಾ ಸಂಸ್ಥಾನದ ಪ್ರೋವೋ ಪಟ್ಟಣದಲ್ಲಿ ೧೮೭೫ರಲ್ಲಿ ಪಾಠಶಾಲೆಯಾಗಿ ಹುಟ್ಟಿ ೧೯೦೩ರಲ್ಲಿ ವಿಶ್ವವಿದ್ಯಾನಿಲಯವೆಂಬ ಹೆಸರು ತಳೆದ ಬ್ರಿಗ್ಹಾಮ್ ಯಂಗ್ ವಿದ್ಯಾಪೀಠದಲ್ಲಿ ಈಗ ಸುಮಾರು ೩೫,೦೦೦ ವಿದ್ಯಾರ್ಥಿಗಳಿದ್ದಾರೆ. ಅಲ್ಲಿ ಮದ್ಯವಿಲ್ಲ, ತಂಬಾಕಿಲ್ಲ. ಚಹವೂ ಕಾಫಿಯೂ ಸಹ ನಿಷಿದ್ಧ. ಕಾಫಿಯಿಲ್ಲದೆ ಬೆಳಗಾಗದ ನಮ್ಮ ಮೈಸೂರು ಸೀಮೆಯ ವಿದ್ಯಾರ್ಥಿಗಳಿಗೆ ಇದೇ ದೊಡ್ಡ ತಪಸ್ಸಾಗಿ ಕಂಡೀತು. ಗಂಡಸರು ಗಡ್ಡ ಬಿಡಕೂಡದು, ಬ್ರಹ್ಮಚರ್ಯವನ್ನು ಪಾಲಿಸಬೇಕು, ಮತಗ್ರಂಥಗಳ ಪಾಠವು ಪದವಿಗೆ ಕಡ್ಡಾಯ. ತರುಣರು ಎರಡು ವರ್ಷಕಾಲವೂ ತರುಣಿಯರು ಹದಿನೆಂಟು ತಿಂಗಳೂ ತಮ್ಮ ಅಥವಾ ಮನೆಯವರ ಖರ್ಚಿನಿಂದ ಪರಸ್ಥಳಗಳಲ್ಲಿ ಮತಪ್ರಚಾರಕ್ಕೆ ಹೋಗುವ ವಾಡಿಕೆಯುಂಟು. ಹೊರಡುವ ಮುನ್ನ ಆ ದೇಶದ ಭಾಷೆಯನ್ನು ಕಲಿಯುವರು. ಹಿಂದಿರುಗಿ ಬಂದು ವಿದ್ಯಾಭ್ಯಾಸವನ್ನು ಮುಂದುವರಿಸುವರು. ಹೀಗೆ ಪರಭಾಷೆಯನ್ನಾಡಬಲ್ಲ, ಪರದೇಶವನ್ನು ಕಂಡ ಯುವಕರು ಒಂದೇ ವಿದ್ಯಾಲಯದಲ್ಲಿ ಸಹಸ್ರ ಸಹಸ್ರ ಸಂಖ್ಯೆಯಲ್ಲಿ ಕೂಡಿರುವರು.

ಇದರ ಧನಮೂಲವು ವಿಚಾರಾರ್ಹವಾದುದು. ಶ್ರದ್ಧಾವಂತನಾದ ಪ್ರತಿಯೊಬ್ಬ ಸದಸ್ಯನೂ ತನ್ನ ಸಂಪಾದನೆಯ ಹತ್ತರಲ್ಲೊಂದು ಪಾಲನ್ನು ಸಭೆಗೆ ಒಪ್ಪಿಸಬೇಕೆಂಬುದು ನಿಯಮ. ಈ ದಶಾಂಶದ ಬಲದಿಂದಲೇ ಅಲ್ಲಿಯ ವಿದ್ಯಾಶುಲ್ಕವು ಆ ದೇಶದ ಇತರ ಖಾಸಗಿ ವಿಶ್ವವಿದ್ಯಾನಿಲಯಗಳಿಗಿಂತ ಬಹಳ ಕಡಮೆಯಾಗಿರುವುದು. ಪರಮತೀಯರು ಮಾತ್ರ ಸುಮಾರು ಇಮ್ಮಡಿ ತೆರಬೇಕು.

ಆದರೆ ಈ ಅಗ್ಗದ ವಿದ್ಯೆಗೆ ತೆರಬೇಕಾದ ಇನ್ನೊಂದು ಬೆಲೆಯುಂಟು. ಅದು ಅಂತಃಕರಣದ ಬೆಲೆ. ಪರಮತೀಯನು ಅಲ್ಲಿ ಸೇರಿ ಓದಬಹುದು. ಆದರೆ ಆ ಮತದಲ್ಲಿದ್ದವನು ಓದುತ್ತಿರುವಾಗಲೇ ಅದನ್ನು ತ್ಯಜಿಸಿದರೆ ಅವನಿಗೆ ಮುಂದುವರಿಯುವ ಅರ್ಹತೆ ತಪ್ಪುವುದು. ಇಪ್ಪತ್ತರ ಹರೆಯದಲ್ಲಿ ಸಂದೇಹ ಹುಟ್ಟುವುದು ಸಹಜ. ಸಂದೇಹವನ್ನು ಬಾಯಿಬಿಟ್ಟು ಹೇಳಿದರೆ ಪದವಿಯೇ ಹೋಗುವುದೆಂಬ ಭಯವು ಕಪಟವನ್ನು ಕಲಿಸದಿರದು. ಮತ್ತೂ ಒಂದು ಮಾತು. ೧೯೭೮ರವರೆಗೆ ಈ ಸಭೆಯು ಆಫ್ರಿಕ ಮೂಲದ ಗಂಡಸರಿಗೆ ಪೌರೋಹಿತ್ಯದ ಅಧಿಕಾರವನ್ನು ಕೊಡುತ್ತಿರಲಿಲ್ಲ. ೧೯೬೯ರಲ್ಲಿ ವಯೋಮಿಂಗ್ ವಿಶ್ವವಿದ್ಯಾನಿಲಯದ ಹದಿನಾಲ್ಕು ಮಂದಿ ಕರಿಯ ಆಟಗಾರರು, ಬ್ರಿಗ್ಹಾಮ್ ಯಂಗ್ ತಂಡದೆದುರು ಇದನ್ನು ಪ್ರತಿಭಟಿಸಲು ಕಪ್ಪುಪಟ್ಟಿ ಧರಿಸಬೇಕೆಂದುದಕ್ಕೆ, ತಮ್ಮ ತಂಡದಿಂದಲೇ ಬಹಿಷ್ಕೃತರಾದರು. ಮತದ ದೋಷವು ಮಠದೊಳಗೇ ನಿಲ್ಲದೆ ವಿದ್ಯಾಲಯದ ಆಟದ ಬಯಲಿಗೂ ಹರಿಯುವುದೆಂಬುದಕ್ಕೆ ಇದು ನಿದರ್ಶನ.

ಇನ್ನು ನಮ್ಮ ಮನೆಯ ಮಾತಿಗೆ ಬರೋಣ. ಮತಾಶ್ರಯದಲ್ಲಿ ವಿದ್ಯೆ ಬೆಳೆಯುವುದು ಈ ಸೀಮೆಗೆ ಹೊಸದಲ್ಲ. ಬನ್ನೂರಿಗೆ ಸಮೀಪದ ಸೋಮನಾಥಪುರವು ಹದಿಮೂರನೆಯ ಶತಮಾನದಲ್ಲಿ ಹೊಯ್ಸಳ ದಂಡನಾಯಕನಾದ ಸೋಮನಾಥನು ಸ್ಥಾಪಿಸಿದ ಅಗ್ರಹಾರ. ನಂಜನಗೂಡು ತಾಲ್ಲೂಕಿನ ಸುತ್ತೂರು ವೀರಸಿಂಹಾಸನ ಮಠವು ಅದಕ್ಕಿಂತಲೂ ಪ್ರಾಚೀನವೆಂದು ಪರಂಪರೆಯ ಹೇಳಿಕೆ. ಈ ಮಠದ ಶಿವರಾತ್ರಿ ರಾಜೇಂದ್ರ ಮಹಾಸ್ವಾಮಿಗಳು ಹಳ್ಳಿಗಾಡಿನ ಬಡ ಹುಡುಗರಿಗೆ ಮೈಸೂರಿನಲ್ಲಿ ಅನ್ನವನ್ನೂ ಆಸರೆಯನ್ನೂ ಒದಗಿಸುವುದರಿಂದ ಮೊದಲುಮಾಡಿ, ೧೯೫೪ರಲ್ಲಿ ಜಗದ್ಗುರು ಶ್ರೀ ಶಿವರಾತ್ರೀಶ್ವರ ಮಹಾವಿದ್ಯಾಪೀಠವನ್ನು ಕಟ್ಟಿದರು. ೧೯೬೩ರಲ್ಲಿ ಇಂಜಿನಿಯರಿಂಗ್ ಕಾಲೇಜೂ ೧೯೮೪ರಲ್ಲಿ ವೈದ್ಯಕೀಯ ಕಾಲೇಜೂ ಆದುವು. ಅವುಗಳಲ್ಲಿ ವೈದ್ಯಕೀಯದ ಶಾಖೆಯು ೨೦೦೮ರಲ್ಲಿಯೂ, ಇಂಜಿನಿಯರಿಂಗಿನದು ೨೦೧೬ರಲ್ಲಿಯೂ ವಿಶ್ವವಿದ್ಯಾನಿಲಯದ ಅಂತಸ್ತಿಗೆ ಏರಿದುವು. ಇಂದು ಮಾರಿಷಸ್ ದ್ವೀಪದಲ್ಲಿಯೂ ದುಬೈ ಪಟ್ಟಣದಲ್ಲಿಯೂ ಕಪಿಲಾ ತೀರದ ಈ ಮಠದ ವಿದ್ಯಾಸಂಸ್ಥೆಗಳಿವೆ. ಮಾರ್ಮನ್ನರು ಬೆಂಗಳೂರಿಗೆ ಬಂದರೆಂದು ಹುಬ್ಬೇರಿಸುವವರು, ಸುತ್ತೂರು ಸಮುದ್ರವನ್ನು ದಾಟಿದುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಪರದೇಶದಲ್ಲಿ ನಮ್ಮವರಿಗೆ ಬೇಕಾದ ಸ್ವಾತಂತ್ರ್ಯವನ್ನು ನಮ್ಮ ದೇಶದಲ್ಲಿ ಪರರಿಗೆ ನಿರಾಕರಿಸುವುದು ನ್ಯಾಯವಲ್ಲ.

ಸಾದೃಶ್ಯವಿದ್ದಂತೆ ಭೇದವೂ ಇದೆ. ಸರಕಾರದ ಮನ್ನಣೆ ಅಥವಾ ಧನಸಹಾಯ ಪಡೆದ ವಿದ್ಯಾಸಂಸ್ಥೆಯಲ್ಲಿ, ವಿದ್ಯಾರ್ಥಿಯ ಒಪ್ಪಿಗೆಯಿಲ್ಲದೆ, ಅವನು ಅಪ್ರಾಪ್ತ ವಯಸ್ಕನಾದರೆ ಪೋಷಕರ ಒಪ್ಪಿಗೆಯಿಲ್ಲದೆ, ಮತಬೋಧನೆಗೆ ಅವನನ್ನು ಕೂರಿಸಲಾಗದೆಂದು ನಮ್ಮ ರಾಜ್ಯಾಂಗದ ೨೮ನೆಯ ವಿಧಿಯು ಸಾರುತ್ತದೆ. ಧನಸಹಾಯ ಪಡೆದ ಸಂಸ್ಥೆಯು ಜಾತಿಮತಗಳ ಕಾರಣದಿಂದಲೇ ಪ್ರವೇಶವನ್ನು ನಿರಾಕರಿಸಕೂಡದೆಂದು ೨೯ನೆಯ ವಿಧಿಯು ಹೇಳುತ್ತದೆ. ಅಂದಮೇಲೆ ಪ್ರೋವೋ ಪಟ್ಟಣದ ಕಟ್ಟುಪಾಡು ನಮ್ಮಲ್ಲಿ ನಡೆಯದು, ನಡೆಯಬಾರದು. ಅಂತಃಕರಣದ ರಕ್ಷಣೆಯಲ್ಲಿ ನಮ್ಮ ಕಾನೂನೇ ಮೇಲು.

ಆದರೆ ಶುಲ್ಕದ ವಿಷಯದಲ್ಲಿ ಈ ಹೆಮ್ಮೆಗೆ ಎಡೆಯಿಲ್ಲ. ಮಾರ್ಮನ್ನರಲ್ಲಿ ಭಕ್ತನ ದಶಾಂಶವು ವಿದ್ಯಾರ್ಥಿಯ ಹೊರೆಯನ್ನು ಇಳಿಸುತ್ತದೆ. ನಮ್ಮಲ್ಲಿಯೋ, ಮತಸಂಸ್ಥೆಗಳದಾಗಲಿ ಇತರರದಾಗಲಿ, ಖಾಸಗಿ ವೃತ್ತಿಶಿಕ್ಷಣದ ಭಾರವು ಬಹುಮಟ್ಟಿಗೆ ತಂದೆತಾಯಿಗಳ ಹೆಗಲ ಮೇಲೆಯೇ ಬೀಳುತ್ತದೆ. ಕ್ಯಾಪಿಟೇಷನ್ ಹಣವನ್ನು ಕರ್ಣಾಟಕ ಸರಕಾರವು ೧೯೮೪ರ ಕಾನೂನಿನಿಂದ ನಿಷೇಧಿಸಿತು. ೨೦೦೨ರಲ್ಲಿ ಸರ್ವೋಚ್ಚ ನ್ಯಾಯಾಲಯವು ಖಾಸಗಿ ವಿದ್ಯಾಲಯಗಳಿಗೆ ಸ್ವಾತಂತ್ರ್ಯವನ್ನು ಮನ್ನಿಸಿದರೂ, ವಿದ್ಯೆಯನ್ನು ಲಾಭಕೋರತನದ ವ್ಯಾಪಾರವಾಗಿಸಕೂಡದೆಂದು ವಿಧಿಸಿತು. ಆದರೂ ಬನ್ನೂರಿನ ಗದ್ದೆಬಯಲಲ್ಲಿ ಎರಡು ಎಕರೆ ಭತ್ತ ಬೆಳೆಯುವ ರೈತನು, ಮಗಳನ್ನು ವೈದ್ಯಳನ್ನಾಗಿ ಮಾಡಬೇಕೆಂದು ಬಯಸಿ, ಸರಕಾರದ ಪಾಲಿನ ಸ್ಥಾನ ದೊರೆಯದೆ ಹೋದರೆ, ಆ ಗದ್ದೆಯನ್ನೇ ಮಾರಬೇಕಾಗುವುದು. ಹಸಿದ ಹುಡುಗನಿಗೆ ಮಠವು ಅನ್ನವಿಕ್ಕಿದ ಪರಂಪರೆ ನಮ್ಮದು. ಓದಬಲ್ಲ ಹುಡುಗಿಗೆ ವೃತ್ತಿವಿದ್ಯೆಯ ಬಾಗಿಲು ಹಣವಿಲ್ಲದ ಕಾರಣದಿಂದ ಮುಚ್ಚಿದರೆ ಆ ಪರಂಪರೆಯು ಅರ್ಧದಲ್ಲಿಯೇ ನಿಂತಂತಾಗುವುದು.

ಆದಕಾರಣ ನಾವು ಮೂರು ಮಾತುಗಳನ್ನು ಸೂಚಿಸುತ್ತೇವೆ. ಮತಸಂಸ್ಥೆಗಳು ನಡೆಸುವ ಪ್ರತಿಯೊಂದು ವಿದ್ಯಾಪೀಠವೂ ಶುಲ್ಕದಿಂದ ಬಂದುದೆಷ್ಟು, ದಾನದಿಂದ ಬಂದುದೆಷ್ಟು, ಬಡವರ ವಿದ್ಯಾರ್ಥಿವೇತನಕ್ಕೆ ವೆಚ್ಚವಾದುದೆಷ್ಟು ಎಂಬುದನ್ನು ಪ್ರತಿವರ್ಷವೂ ಕನ್ನಡದಲ್ಲಿ ಸಾಮಾನ್ಯರಿಗೆ ತಿಳಿಯುವಂತೆ ಪ್ರಕಟಿಸಲಿ. ಸರಕಾರದವರು ಮನ್ನಣೆಯನ್ನು ಕೊಡುವುದರೊಡನೆ ತಮ್ಮ ಕರ್ತವ್ಯ ಮುಗಿಯಿತೆಂದು ತಿಳಿಯದೆ, ಬಡ ವಿದ್ಯಾರ್ಥಿಗಳ ಪಾಲು ಅವರ ಕೈಸೇರಿತೇ ಎಂಬುದನ್ನು ವಿಚಾರಿಸಲಿ. ೧೯೧೬ರಲ್ಲಿ ಪ್ರಜೆಗಳಿಗಾಗಿ ಹುಟ್ಟಿದ ಮೈಸೂರು ವಿಶ್ವವಿದ್ಯಾನಿಲಯದಂತಹ ಸಾರ್ವಜನಿಕ ಸಂಸ್ಥೆಗಳನ್ನು ಸೊರಗಲು ಬಿಡದಿರಲಿ. ಮೂರನೆಯದು ನಮ್ಮ ನಗರವಾಸಿಗಳಿಗೂ ಅಧಿಕಾರಿವರ್ಗಕ್ಕೂ ಸಂಬಂಧಿಸಿದುದು. ಜಾತ್ರೆಗೂ ಗೋಪುರಕ್ಕೂ ಕೈಬಿಚ್ಚಿ ಕೊಡುವವರು ವಿದ್ಯಾರ್ಥಿವೇತನಕ್ಕೆ ಕೊಡಲು ಹಿಂದೆಗೆಯುವುದು ಮಠಗಳ ತಪ್ಪಲ್ಲ, ನಮ್ಮ ತಪ್ಪು. ಹತ್ತರಲ್ಲೊಂದು ಬೇಡ, ನೂರರಲ್ಲೊಂದು ಪಾಲನ್ನು ತಮ್ಮ ಊರಿನ ಮಕ್ಕಳ ಓದಿಗೆಂದು ತೆಗೆದಿಡುವ ಗೃಹಸ್ಥರು ಬನ್ನೂರಿನಲ್ಲಿಯೂ ನರಸೀಪುರದಲ್ಲಿಯೂ ನಂಜನಗೂಡಿನಲ್ಲಿಯೂ ಐನೂರು ಮಂದಿ ಹೊರಟರೆ, ಮಾರ್ಮನ್ನರ ದೇವಾಲಯವನ್ನು ಕಂಡು ಅಂಜುವ ಅಗತ್ಯವೂ ಇರದು, ಅಸೂಯೆಪಡುವ ಕಾರಣವೂ ಇರದು.