ರೇಡ್ ಇದೆ ಅಂತ ನಿಶ್ಚಿಂತೆ ಬೇಡ

ಮಕ್ಕಳೇ, ನಿಮ್ಮ ಅಂಕಪಟ್ಟಿಯ ಮೇಲೆ ಮಳೆನೀರು ಬಿದ್ದು ವಿಜ್ಞಾನದ ಅಂಕ ಮಾತ್ರ ಅಳಿಸಿಹೋಯಿತು ಅಂದುಕೊಳ್ಳಿ. ಉಳಿದ ವಿಷಯಗಳ ಅಂಕವೂ ಒಟ್ಟು ಮೊತ್ತವೂ ಚೆನ್ನಾಗಿ ಕಾಣುತ್ತಿವೆ. ಅಳಿಸಿದ ಅಂಕ ಕಂಡುಹಿಡಿಯುವುದು ಕಷ್ಟವೇ? ಮೊತ್ತದಿಂದ ಉಳಿದವನ್ನು ಕಳೆದರೆ ಆಯಿತು.

ಹಲವು ಹಾರ್ಡ್ ಡಿಸ್ಕ್‌ಗಳನ್ನು ಒಂದಾಗಿ ಜೋಡಿಸುವ ‘ರೇಡ್ 5’ ವ್ಯವಸ್ಥೆಯ ಗುಟ್ಟೂ ಇಷ್ಟೇ. ದುಬಾರಿಯಾದ ಒಂದು ದೊಡ್ಡ ಡಿಸ್ಕಿನ ಬದಲು ಅಗ್ಗದ ಸಣ್ಣ ಡಿಸ್ಕುಗಳ ಸಾಲನ್ನೇ ಬಳಸಬಹುದು ಎಂದು 1988ರಲ್ಲಿ ಬರ್ಕ್ಲಿಯ ಡೇವಿಡ್ ಪ್ಯಾಟರ್ಸನ್, ಗಾರ್ತ್ ಗಿಬ್ಸನ್, ರ‍್ಯಾಂಡಿ ಕಾಟ್ಜ್ ತಮ್ಮ ಪ್ರಬಂಧದಲ್ಲಿ ವಾದಿಸಿದರು. ಕಂಪ್ಯೂಟರ್ ಮೊತ್ತದ ಬದಲು ಸಮ-ಬೆಸ ನೋಡುತ್ತದೆ. ಮೂರು ಡಿಸ್ಕುಗಳಲ್ಲಿ 1, 1, 0 ಇದ್ದರೆ 1ಗಳ ಸಂಖ್ಯೆ ಸಮ. ಆದ್ದರಿಂದ ನಾಲ್ಕನೆಯದರಲ್ಲಿ 0 ಬರೆಯುತ್ತದೆ. ಎರಡನೆಯ ಡಿಸ್ಕ್ ಕೆಟ್ಟರೆ ಉಳಿಯುವುದು 1, 0, 0. ಸಮ ಆಗಬೇಕಾದರೆ ಹೋದದ್ದು 1 ಆಗಿರಲೇಬೇಕು. ಎರಡು ಡಿಸ್ಕ್ ಒಟ್ಟಿಗೆ ಹೋದರೆ? ಎರಡು ವಿಷಯದ ಅಂಕ ಅಳಿಸಿದ ಹಾಗೆ, ಲೆಕ್ಕ ನಿಲ್ಲುತ್ತದೆ.

ಈಗ ಕೆಲಸದ ನಡುವೆ ಕರೆಂಟ್ ಹೋಗಿ ಕಂಪ್ಯೂಟರ್ ಬಿದ್ದುಹೋಯಿತು ಅನ್ನಿ. ಅಂಕ ತಿದ್ದಿ ಆಗಿದೆ, ಮೊತ್ತ ತಿದ್ದುವುದು ಬಾಕಿ ಇದೆ. ಡಿಸ್ಕುಗಳು ಒಂದಕ್ಕೊಂದು ತಾಳೆಯಾಗುವುದಿಲ್ಲ. ಲಿನಕ್ಸಿನಲ್ಲಿ ಪ್ರತಿ ಡಿಸ್ಕಿನಲ್ಲೂ ಒಂದು ಎಣಿಕೆ ಇರುತ್ತದೆ. ಯಾವುದರ ಎಣಿಕೆ ಹಿಂದೆ ಬಿದ್ದಿದೆಯೋ ಆ ಡಿಸ್ಕನ್ನು ಅದು ಹಳೆಯದು ಎಂದು ಹೊರಗಿಡುತ್ತದೆ. ಹಾಗೆ ಎರಡು ಡಿಸ್ಕ್ ಹೊರಗುಳಿದರೆ ಇಡೀ ಸಾಲೇ ಏಳುವುದಿಲ್ಲ. ಆದರೂ ಮಾಹಿತಿ ಬಹುಪಾಲು ಅಲ್ಲೇ ಇರುತ್ತದೆ!

ಆಗ ಗಾಬರಿಯಾಗಿ ಕೈಗೆ ಸಿಕ್ಕ ಆಜ್ಞೆ ಕೊಡುವುದೇ ದೊಡ್ಡ ಅಪಾಯ. ಸಾಲನ್ನು ಹೊಸದಾಗಿ ರಚಿಸಲು ಹೋಗಿ ಡಿಸ್ಕುಗಳ ಕ್ರಮ ತಪ್ಪಿದರೆ, ಉಳಿದಿದ್ದ ಮಾಹಿತಿಯ ಮೇಲೆಯೇ ತಪ್ಪು ಲೆಕ್ಕ ಬರೆದುಬಿಡುತ್ತದೆ. ಪ್ರಯೋಗಶಾಲೆಯಲ್ಲಿ ನಾವು ಹೇಳಿಕೊಡುವ ಶಿಸ್ತೇ ಇಲ್ಲಿಗೂ ಬೇಕು. ಮೊದಲು ಮುಟ್ಟಬೇಡಿ. ಯಾವ ಡಿಸ್ಕ್ ಎಲ್ಲಿತ್ತು, ಎಣಿಕೆ ಎಷ್ಟು ಅಂತ ಬರೆದಿಡಿ. ಪ್ರತಿ ಡಿಸ್ಕಿನ ಪೂರ್ತಿ ನಕಲು ತೆಗೆದು, ಪ್ರಯತ್ನವನ್ನೆಲ್ಲ ನಕಲಿನ ಮೇಲೆ ಮಾಡಿ. ನಕಲು ಹಾಳಾದರೆ ಇನ್ನೊಂದು ತೆಗೆಯಬಹುದು, ಮೂಲ ಹಾಳಾದರೆ ಮುಗಿಯಿತು.

ಇಷ್ಟು ಹೇಳಿದ ಮೇಲೂ ನನ್ನ ಅಭಿಪ್ರಾಯ ಒಂದೇ: ರೇಡ್ ಎಂದರೆ ಬ್ಯಾಕಪ್ ಅಲ್ಲ. ಕೆಟ್ಟ ಡಿಸ್ಕಿನಿಂದ ಅದು ಕಾಪಾಡೀತು, ಕೆಟ್ಟ ಗಳಿಗೆಯಿಂದ ಅಲ್ಲ. ನೀವೇ ಕಡತವೊಂದನ್ನು ಅಳಿಸಿದರೆ ರೇಡ್ ಪ್ರಾಮಾಣಿಕವಾಗಿ ಎಲ್ಲ ಡಿಸ್ಕುಗಳಲ್ಲೂ ಅಳಿಸುತ್ತದೆ, ಮೊತ್ತವನ್ನೂ ತಿದ್ದುತ್ತದೆ. ‘ಟಾಯ್ ಸ್ಟೋರಿ 2’ ತಯಾರಾಗುತ್ತಿದ್ದಾಗ ಒಂದು ತಪ್ಪು ಆಜ್ಞೆಯಿಂದ ಚಿತ್ರದ ಕಡತಗಳು ಅಳಿಸಿಹೋದವು. ಬ್ಯಾಕಪ್ ನೋಡಿದರೆ ಅದೂ ಸರಿಯಾಗಿರಲಿಲ್ಲ. ತಂಡದ ಗ್ಯಾಲಿನ್ ಸಸ್ಮನ್ ಅವರ ಮನೆಯ ಕಂಪ್ಯೂಟರಿನಲ್ಲಿದ್ದ ಪ್ರತಿಯೇ ಕೊನೆಗೆ ಕೈಹಿಡಿಯಿತು. ಬ್ಯಾಕಪ್ ಇದ್ದರೆ ಸಾಲದು, ಅದು ತೆರೆಯುತ್ತದೆಯೇ ಅಂತ ಆಗಾಗ ನೋಡಬೇಕು.

ಇದು ದೊಡ್ಡ ಕಂಪೆನಿಗಳ ವಿಷಯ, ನಮಗೇಕೆ ಅನ್ನಬೇಡಿ. ಗಡಿಯಾಚೆಯ ನಮ್ಮ ಶಾಲೆಗಳಲ್ಲಿ ನೀವು ಬರೆದ ಕನ್ನಡ ಕಥೆ, ಅಜ್ಜಿಯಿಂದ ಕೇಳಿ ದಾಖಲಿಸಿದ ಹಾಡು, ಶಾಲಾ ವಾರ್ಷಿಕದ ಪುಟಗಳು ಒಂದೇ ಕಂಪ್ಯೂಟರಿನಲ್ಲಿ ಇರುವುದುಂಟು. ಅಂಗಡಿಯಲ್ಲಿ ಹೊಸ ಡಿಸ್ಕ್ ಸಿಗುತ್ತದೆ, ಆ ಅಜ್ಜಿಯ ದನಿ ಸಿಗುವುದಿಲ್ಲ. ಆದ್ದರಿಂದ ಮೂರು ಪ್ರತಿ ಇರಲಿ, ಎರಡು ಬಗೆಯ ಸಾಧನದಲ್ಲಿರಲಿ, ಒಂದು ಪ್ರತಿ ಶಾಲೆಯ ಹೊರಗೆ ಇರಲಿ. ಈ ತಿಂಗಳೇ ನಿಮ್ಮ ವಿಜ್ಞಾನ ಸಂಘದಿಂದ ಇದನ್ನು ಶುರು ಮಾಡಬಹುದಲ್ವಾ?