ಅಲ್ಯೂಮಿನಿಯಂ ಬೆಸುಗೆಗೆ ಯಾವ ಕಡ್ಡಿ?

ಕೃಷ್ಣಾ ಘಟಪ್ರಭೆಗಳ ನೀರುಂಡು ಕಬ್ಬು ಬೆಳೆಯುವ ಜಮಖಂಡಿ, ಮುಧೋಳ, ಬೀಳಗಿಗಳ ಸೀಮೆಯಲ್ಲಿಯೂ, ಮಗ್ಗಗಳ ಸದ್ದಿನೊಡನೆ ಬೆಳಗಾಗುವ ರಬಕವಿ-ಬನಹಟ್ಟಿಯಲ್ಲಿಯೂ ಜನಜೀವನವು ಯಂತ್ರಗಳನ್ನು ಅವಲಂಬಿಸಿರುವುದರಿಂದ, ಬೆಸುಗೆಗಾರನ ವಿದ್ಯೆ ಇಲ್ಲಿ ಕೃಷಿಕನ, ನೇಕಾರನ ಶ್ರಮದಷ್ಟೇ ಮಾನ್ಯವಾದುದು. ಆದರೆ ಉಕ್ಕಿನಲ್ಲಿ ಪಳಗಿದ ಕೈ ಅಲ್ಯೂಮಿನಿಯಮ್ಮಿಗೆ ಬಂದಾಗ, ಬಿಳಿಯ ಕಡ್ಡಿಗಳೆಲ್ಲ ಒಂದೇ ಎಂದು ಬಗೆಯುವುದು ಅನರ್ಥಕ್ಕೆ ಮೂಲ.

ಬೈಕಿನ ಎಂಜಿನ್ನಿನ ಒಡೆದ ಕವಚವನ್ನು ಗಮನಿಸಿರಿ. ಅದು ಎರಕದ ವಸ್ತು; ಸಾಮಾನ್ಯವಾಗಿ ಅದರಲ್ಲಿ ಸಿಲಿಕಾನ್ ಹೇರಳ. ಸುಮಾರು ಶೇಕಡಾ 5ರಷ್ಟು ಸಿಲಿಕಾನ್ ಉಳ್ಳ 4043 ಕಡ್ಡಿಯೇ ಅದಕ್ಕೆ ಯೋಗ್ಯ. ಅಷ್ಟೇ ಪ್ರಮಾಣದ ಮೆಗ್ನೀಸಿಯಂ ಉಳ್ಳ 5356 ಕಡ್ಡಿಯನ್ನು ಅಲ್ಲಿ ಕರಗಿಸಿದರೆ, ಮೆಗ್ನೀಸಿಯಮ್ಮೂ ಸಿಲಿಕಾನೂ ಸಂಯೋಗಗೊಂಡು ಬೆಸುಗೆಯು ಭಿದುರವಾಗಿ, ಹೊರಗೆ ನಯವಾಗಿ ತೋರಿಯೂ ಬಿರಿಯುವ ಭಯವುಂಟು. ಮೇಲಾಗಿ, 65 ಡಿಗ್ರಿ ಸೆಲ್ಸಿಯಸ್ಸನ್ನು ಮೀರಿದ ಉಷ್ಣವನ್ನು ಸದಾ ಸಹಿಸಬೇಕಾದೆಡೆ 5356 ಸಲ್ಲದು. ಹಾಗೆಂದು ಅದು ಹೀನವಲ್ಲ. 5052ರಂತಹ ಮೆಗ್ನೀಸಿಯಂಯುಕ್ತ ತಗಡಿಗೂ, ಬಲ ಬೇಕಾದ ಚೌಕಟ್ಟಿಗೂ ಅದೇ ಮೇಲು. ಬೆಸೆದ ಬಳಿಕ ಆನೊಡೈಸ್ ಮಾಡಬೇಕಾದ ಕಿಟಕಿಗೆ 4043 ಬಳಸಿದರಂತೂ ಬೆಸುಗೆಯ ಗೆರೆ ಕಪ್ಪಾಗಿ ಉಳಿದುಬಿಡುತ್ತದೆ.

ಇನ್ನೊಂದು ಬಗೆಯ ಕಡ್ಡಿ ಕೊಳ್ಳುವ ಅಲ್ಪ ವೆಚ್ಚಕ್ಕಂಜಿ, ಗಿರಾಕಿಯ ವಾಹನವನ್ನು ಮರಳಿ ಮರಳಿ ದುರಸ್ತಿಗೆ ಎಳೆಸುವುದು ಮಿತವ್ಯಯವಲ್ಲವೆಂಬುದು ನನ್ನ ದೃಢವಾದ ಅಭಿಮತ. ನಮ್ಮ ಅಂಗಡಿಗಳವರು ಈ ಎರಡು ಕಡ್ಡಿಗಳನ್ನು ಸಂಖ್ಯೆ ಬರೆದು ಬೇರೆ ಬೇರೆಯಾಗಿ ಇಡಲಿ. ಒಡೆದ ಭಾಗವನ್ನು ಒಯ್ಯುವ ತಾವೂ, ಯಾವ ಕಡ್ಡಿಯಿಂದ ಬೆಸೆಯುವಿರೆಂದು ಮೊದಲೇ ಕೇಳಿರಿ.